ಕಾಂಡದೊಳಗಿನ ಹುಳಕ್ಕೆ ಕಿವಿಗೊಡುವ ತಂತ್ರ

ಉತ್ತರ ಕೊಡಗಿನ ಅರೇಬಿಕಾ ಕಾಫಿ ತೋಟಗಳಲ್ಲಿ, ಬಿಳಿ ಕಾಂಡಕೊರಕದ ದುಂಬಿಗಳು ಹಾರಾಟಕ್ಕಿಳಿಯುವ ಏಪ್ರಿಲ್–ಮೇ ಹಾಗೂ ಅಕ್ಟೋಬರ್–ಡಿಸೆಂಬರ್ ಅವಧಿಗಳಿಗೆ ಮುಂಚೆ, ಕಾರ್ಮಿಕರು ಸಾಲು ಹಿಡಿದು ನಡೆದು ಗಿಡಗಳ ಕಾಂಡವನ್ನು ಪರೀಕ್ಷಿಸುತ್ತಾರೆ. ತೊಗಟೆಯ ಮೇಲೆ ಏಣಿನಂತೆ ಉಬ್ಬಿದ ಗೆರೆ ಸಿಕ್ಕಿದರೆ 'ಬೋರರ್ (ಕಾಂಡಕೊರಕ) ಹೊಡೆದಿದೆ' ಎಂದೇ ಲೆಕ್ಕ; ಆ ಗಿಡವನ್ನು ಕಿತ್ತು ಸುಡಬೇಕು. ತೊಂದರೆಯೆಂದರೆ, ತೊಗಟೆಯ ಬಿರುಕಿನಲ್ಲಿಟ್ಟ ಮೊಟ್ಟೆಯಿಂದ ಹೊರಬಂದ ಮರಿಹುಳ ಗಟ್ಟಿಮರವನ್ನು ಕೊರೆಯುತ್ತಾ, ತಾನು ಬಂದ ಸುರಂಗವನ್ನು ತನ್ನದೇ ಹಿಕ್ಕೆಯಿಂದ ಬಿಗಿಯಾಗಿ ತುಂಬಿಬಿಡುತ್ತದೆ. ದುಂಬಿಯಾಗಿ ಹೊರಬೀಳುವವರೆಗೆ ಕಾಂಡದಲ್ಲಿ ರಂಧ್ರವೇ ಕಾಣುವುದಿಲ್ಲ. (ಕಾಫಿಯ ಇನ್ನೊಂದು ಬಗೆಯಾದ ರೊಬಸ್ಟಾ ನೆಚ್ಚಿಕೊಂಡ ದಕ್ಷಿಣ ಕೊಡಗಿನವರಿಗೆ ಈ ತಲೆನೋವು ಬಹುಮಟ್ಟಿಗೆ ಇಲ್ಲ.)

ವಸ್ತುವನ್ನು ಒಡೆಯದೆ, ಕತ್ತರಿಸದೆ ಅದರ ಒಳಗಿನ ದೋಷವನ್ನು ಹುಡುಕುವ ವಿದ್ಯೆ ಕೈಗಾರಿಕೆಗೆ ಹೊಸದಲ್ಲ. ಲೋಹದ ಒಳಬಿರುಕನ್ನು ಶ್ರವಣಾತೀತ ಧ್ವನಿಯಿಂದ ಪತ್ತೆ ಮಾಡಬಹುದೆಂದು ಸೋವಿಯತ್ ವಿಜ್ಞಾನಿ ಸೆರ್ಗೇಯ್ ಸೊಕೊಲೊವ್ 1928ರಲ್ಲೇ ಸೂಚಿಸಿದ್ದರು. 1940ರ ದಶಕದಲ್ಲಿ ಅಮೆರಿಕದ ಫ್ಲಾಯ್ಡ್ ಫೈರ್‌ಸ್ಟೋನ್ ಪ್ರತಿಧ್ವನಿ ಹಿಡಿಯುವ ಉಪಕರಣಕ್ಕೆ ಪೇಟೆಂಟ್ ಪಡೆದರು. ಈ 'ವಿನಾಶರಹಿತ ಪರೀಕ್ಷೆ'ಯ ಉಪಕರಣಗಳು ಇಂದು ಕೈಚೀಲದಲ್ಲಿ ಹಿಡಿಸುವಷ್ಟು ಚಿಕ್ಕದಾಗಿವೆ. ಹಾಗಿದ್ದರೆ ಒಂದನ್ನು ತಂದು ಕಾಫಿ ಕಾಂಡಕ್ಕೆ ಒತ್ತಿ ಹಿಡಿದರೆ ಸಾಲದೇ?

ಸಾಲದು, ಮತ್ತು ಅದರ ಕಾರಣ ಸರಳ ಗಣಿತದಲ್ಲಿದೆ. ಉಕ್ಕಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 5,900 ಮೀಟರ್. 50 ಲಕ್ಷ ಹರ್ಟ್ಸ್ ಆವೃತ್ತಿಯಲ್ಲಿ (ಸೆಕೆಂಡಿಗೆ ಅಷ್ಟು ಕಂಪನ) ಅದರ ತರಂಗದೂರ, ಅಂದರೆ ಒಂದು ಅಲೆಯ ಉದ್ದ, 1.2 ಮಿಲಿಮೀಟರ್. ತರಂಗದೂರದ ಅರ್ಧದಷ್ಟಿರುವ ದೋಷವೂ ಸಾಮಾನ್ಯವಾಗಿ ಪ್ರತಿಧ್ವನಿ ಕೊಡುತ್ತದೆ. ಮರದ ನಾರುಗಳಾದರೋ ಅಷ್ಟು ಹೆಚ್ಚಿನ ಆವೃತ್ತಿಯನ್ನು ನುಂಗಿಹಾಕುತ್ತವೆ. ಕಾಂಕ್ರೀಟ್ ಪರೀಕ್ಷೆಗೆ ಬಳಸುವ 54,000 ಹರ್ಟ್ಸ್‌ಗೆ ಇಳಿದರೆ ಧ್ವನಿಯೇನೋ ಹಾದುಹೋಗುತ್ತದೆ; ಆದರೆ ನಾರಿಗೆ ಅಡ್ಡಲಾಗಿ ಅದರ ವೇಗ ಸುಮಾರು 1,500 ಮೀಟರ್ ಮಾತ್ರವಾದ್ದರಿಂದ ತರಂಗದೂರ 28 ಮಿಲಿಮೀಟರ್ ಆಗುತ್ತದೆ. ಕೆಲವೇ ಮಿಲಿಮೀಟರ್ ಅಗಲದ, ಅದರಲ್ಲೂ ಪುಡಿಯಿಂದ ತುಂಬಿದ ಸುರಂಗ ಅಂಥ ಅಲೆಯ ಲೆಕ್ಕಕ್ಕೇ ಬರುವುದಿಲ್ಲ.

ನನಗೆ ಹೆಚ್ಚು ಭರವಸೆಯದಾಗಿ ಕಾಣುವುದು ಇನ್ನೊಂದು ದಾರಿ: ಧ್ವನಿಯನ್ನು ಕಳಿಸದೆ, ಒಳಗಿನಿಂದ ಬರುವುದಕ್ಕೆ ಕಿವಿಗೊಡುವುದು. ಹೊರೆ ಹೊತ್ತ ಲೋಹ ತಾನಾಗಿಯೇ ಹೊರಡಿಸುವ ಸೂಕ್ಷ್ಮ ಸದ್ದನ್ನು ಜರ್ಮನಿಯ ಯೋಸೆಫ್ ಕೈಸರ್ 1950ರಲ್ಲಿ ತಮ್ಮ ಸಂಶೋಧನಾ ಪ್ರಬಂಧದಲ್ಲಿ ವಿವರಿಸಿದರು. ಇಂದು ಅನಿಲ ತುಂಬುವ ದೊಡ್ಡ ಟ್ಯಾಂಕುಗಳ ಮೈಗೆ ಸಂವೇದಕಗಳನ್ನು ಅಂಟಿಸಿ, ಒತ್ತಡ ಏರಿಸುತ್ತಾ, ಬಿರುಕು ಬೆಳೆಯುವ ಸದ್ದು ಯಾವ ಮೂಲೆಯದೆಂದು ಗುರುತಿಸುತ್ತಾರೆ. ಮರಿಹುಳವೂ ನಾರನ್ನು ಕಚ್ಚಿ ಹರಿಯುವಾಗ ಚಿಟಿಕೆಯಂಥ ಕಿರು ಸದ್ದುಗಳನ್ನು ಬಿಡಿಬಿಡಿಯಾಗಿ ಹೊರಡಿಸುತ್ತದೆ. ಖರ್ಜೂರದ ಮರಗಳಲ್ಲಿ ಕೆಂಪು ಮೂತಿಹುಳವನ್ನು ಹೀಗೆ ಆಲಿಸಿ ಹುಡುಕುವ ಪ್ರಯೋಗಗಳು ನಡೆದಿವೆ.

ಆದರೆ ಕೊಡಗಿನ ತೋಟ ನಿಶ್ಶಬ್ದ ಪ್ರಯೋಗಾಲಯವಲ್ಲ. ಮಳೆ ನಿಂತ ಮೇಲೂ ಸಿಲ್ವರ್ ಓಕ್ ಎಲೆಗಳಿಂದ ಗಂಟೆಗಟ್ಟಲೆ ಹನಿ ಬೀಳುತ್ತದೆ, ಗಾಳಿಗೆ ರೆಂಬೆಗಳು ಉಜ್ಜುತ್ತವೆ, ಇರುವೆಗಳು ಕಾಂಡದ ಮೇಲೆ ಓಡಾಡುತ್ತವೆ. ಹನಿಯ ಸದ್ದನ್ನೂ ಹುಳದ ಕಡಿತವನ್ನೂ ಬೇರ್ಪಡಿಸಲು ಯಂತ್ರಕಲಿಕೆಯ ತಂತ್ರಾಂಶಕ್ಕೆ ತರಬೇತಿ ಕೊಡಬಹುದು; ಸಮಯದ ಲೆಕ್ಕ ಮಾತ್ರ ಹಾಗೆಯೇ ಉಳಿಯುತ್ತದೆ. ಆರಡಿಗೊಂದು ಗಿಡದಂತೆ ಎಕರೆಗೆ ಸುಮಾರು 1,200 ಗಿಡಗಳಾದರೆ, ಒಂದೊಂದಕ್ಕೆ ಒಂದೇ ನಿಮಿಷ ಕೊಟ್ಟರೂ 20 ಗಂಟೆ ಬೇಕು. ಹುಳ ಆ ನಿಮಿಷದಲ್ಲಿ ತಿನ್ನದೆ ಸುಮ್ಮನಿದ್ದರೆ ಅದೂ ವ್ಯರ್ಥ. ಆದ್ದರಿಂದ ಉಪಕರಣವನ್ನು ಎಲ್ಲ ಗಿಡಗಳಿಗೂ ಹಿಡಿಯುವುದಕ್ಕಿಂತ, ಅನುಭವಿ ಕೈ ಸಂಶಯಪಟ್ಟ ಗಿಡಗಳಿಗಷ್ಟೇ ಹಿಡಿಯುವುದು ಜಾಣತನ.

ವಿಮಾನ ಉದ್ಯಮದಲ್ಲಿ ಉಪಕರಣ ದೋಷ ಹಿಡಿಯುತ್ತದೆಂಬ ಬಾಯಿಮಾತು ನಡೆಯುವುದಿಲ್ಲ. ಎಷ್ಟು ಉದ್ದದ ಬಿರುಕನ್ನು ನೂರಕ್ಕೆ 90 ಬಾರಿ ಹಿಡಿಯುತ್ತದೆ, ಆ ಅಂಕಿಯ ಮೇಲೆ ಶೇಕಡ 95ರಷ್ಟು ವಿಶ್ವಾಸವಿಡಬಹುದೇ ಎಂದು ಪರೀಕ್ಷಿಸಿ ತೋರಿಸಬೇಕು. ಇದಕ್ಕಾಗಿ ಗೊತ್ತಿರುವ ಬಿರುಕುಗಳುಳ್ಳ ಮಾದರಿಗಳನ್ನು ದುಬಾರಿ ಖರ್ಚಿನಲ್ಲಿ ತಯಾರಿಸುತ್ತಾರೆ. ಕೊಡಗಿನಲ್ಲಿ ಅಂಥ ಮಾದರಿಗಳನ್ನು ಹುಳವೇ ಪುಕ್ಕಟೆ ತಯಾರಿಸುತ್ತದೆ. ಗಿಡವನ್ನು ಕೀಳುವ ಮುನ್ನ ಆಲಿಸಿ, ಧ್ವನಿಮುದ್ರಿಸಿಕೊಂಡು, ಬೆಂಕಿಗೆ ಹಾಕುವ ಮೊದಲು ಕಾಂಡವನ್ನು ಕತ್ತಿಯಿಂದ ಸೀಳಿ ಒಳಗೆ ಎಷ್ಟು ಹುಳಗಳಿವೆ, ಯಾವ ಗಾತ್ರದವು ಎಂದು ಬರೆದಿಟ್ಟರೆ, ಯಾವ ಉಪಕರಣಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ ಎಂಬುದನ್ನು ತೋಟದ ರೈಟರ್ (ಲೆಕ್ಕ ಬರೆಯುವ ಗುಮಾಸ್ತ) ಇಡುವ ಪುಸ್ತಕವೇ ಹೇಳಬಲ್ಲದು.