ಟೋಪಿ ಅಕ್ಷರ ತೆಗೆದಿದ್ರಿಂದ ಇಡೋ ಭಾಷೆ ಸುಲಭ ಆಯ್ತಾ?

ಎಸ್ಪೆರಾಂಟೋ ಅಂದ್ರೆ ಬೇರೆ ಬೇರೆ ದೇಶದವರು ಪರಸ್ಪರ ಮಾತಾಡ್ಲಿ ಅಂತ ಕೂತು ಕಟ್ಟಿದ ಭಾಷೆ, ಅದರ ಕೆಲವು ಅಕ್ಷರಗಳ ತಲೆ ಮೇಲೆ ಟೋಪಿ ಥರ (^) ಗುರುತು ಇರುತ್ತೆ. ತುಂಬಾ ಜನ ಕೇಳೋ ಪ್ರಶ್ನೆ: "ಎಸ್ಪೆರಾಂಟೋನ ತಿದ್ದಿ ಇಡೋ ಅಂತ ಮಾಡಿದ್ರಲ್ಲ, ಅದ್ರಲ್ಲಿ ಟೋಪಿ ಇರೋ ಅಕ್ಷರಗಳೇ ಇಲ್ವಂತೆ, ಹಾಗಾದ್ರೆ ಓದೋಕೂ ಬರೆಯೋಕೂ ಅದೇ ಸುಲಭ ಅಲ್ವಾ?"

ಟೈಪ್ ಮಾಡೋಕೆ ಸುಲಭ, ಹೌದು. ಓದಿ ಉಚ್ಚಾರ ಮಾಡೋಕೆ ಮಾತ್ರ ಇಡೋನೇ ಒಂಚೂರು ಕಷ್ಟ ಅಂತೀನಿ ನಾನು.

1887ರಲ್ಲಿ ಜಾಮೆನ್‌ಹಾಫ್ ಅನ್ನೋರು ತಾವು ಕಟ್ಟಿದ ಎಸ್ಪೆರಾಂಟೋ ಹೊರತಂದಾಗ ಒಟ್ಟು 28 ಅಕ್ಷರ, ಒಂದೊಂದಕ್ಕೂ ಒಂದೇ ಸದ್ದು ಅನ್ನೋದು ಗಟ್ಟಿ ನಿಯಮ, ಅದಕ್ಕೋಸ್ಕರಾನೇ ಸಿ, ಜಿ, ಎಚ್, ಜೆ, ಎಸ್ ಇವುಗಳಿಗೆ ಟೋಪಿ ಹಾಕಿರೋ ಜೋಡಿಗಳು ಬಂದ್ವು, ಯು ಮೇಲೂ ಒಂದು ಗುರುತು ಬಂತು. ಬರೀ ಸಿ ಅಂದ್ರೆ 'ತ್ಸ', ಟೋಪಿ ಹಾಕಿದ್ರೆ 'ಚ'. ಆದ್ರೆ ಪ್ರಿಂಟಿಂಗ್ ಪ್ರೆಸ್‌ಗಳಲ್ಲಿ ಈ ಅಕ್ಷರಗಳ ಅಚ್ಚಿನ ಮೊಳೆಗಳು ಸಿಗೋದೇ ಕಷ್ಟ ಆಗ್ತಿತ್ತು. 1894ರಲ್ಲಿ ಜಾಮೆನ್‌ಹಾಫ್ ಅವರೇ ಟೋಪಿ ತೆಗೆಯೋ ಸುಧಾರಣೆ ಮುಂದಿಟ್ರು, ವೋಟ್‌ನಲ್ಲಿ ಬಿದ್ದೋಯ್ತು. ಆಮೇಲೆ 1907ರಲ್ಲಿ ಪ್ಯಾರಿಸ್‌ನಲ್ಲಿ, ಎಲ್ಲಾ ದೇಶಕ್ಕೂ ಒಂದು ಭಾಷೆ ಆರಿಸೋಕೆ ಸೇರಿದ ಕಮಿಟಿ ಮುಂದೆ ಇಡೋ ಬಂತು, 26 ಅಕ್ಷರ ಅಷ್ಟೇ, 'ಚ'ಗೆ ಸಿ-ಎಚ್, 'ಶ'ಗೆ ಎಸ್-ಎಚ್.

ತೊಂದರೆ ಇಲ್ಲೇ ಶುರುವಾಗೋದು. ಬೇಟೆನಾಯಿಗೆ 'ಚಾಸ್' ಜೊತೆ 'ಹುಂಡೋ' ಸೇರಿಸ್ತಾರೆ, ಎಸ್ಪೆರಾಂಟೋದಲ್ಲಿ ಕೂಡಿಸಿ ಬರೆದ್ರೂ ಎಸ್ ಬೇರೆ ಎಚ್ ಬೇರೆ, ಗೊಂದಲವೇ ಇಲ್ಲ. ಇಡೋದಲ್ಲಿ ಹಂಗೇ ಬರೆದ್ರೆ 'ಚಾಶುಂಡೋ' ಅಂತ ಓದ್ಬಿಡ್ತಾರೆ, ಅದಕ್ಕೆ ಮಧ್ಯ ಒಂದು ಹೈಫನ್ ಹಾಕ್ಲೇಬೇಕು.

ಒತ್ತು ಕೊಟ್ಟು ಹೇಳೋದ್ರಲ್ಲೂ ಅಷ್ಟೇ. ಎಸ್ಪೆರಾಂಟೋದಲ್ಲಿ ಯಾವ ಪದ ಆದ್ರೂ ಕೊನೆಯಿಂದ ಎರಡನೇ ಸ್ವರಕ್ಕೆ ಒತ್ತು, ಕಣ್ಮುಚ್ಚಿ ಹೇಳ್ಬೋದು, ಕುಟುಂಬ ಅಂದ್ರೆ 'ಫಮಿಲೀಓ'. ಇಡೋದಲ್ಲಿ ಅದೇ ಪದ 'ಫಮೀಲಿಓ', ಇನ್ನು 'ಪ್ರೀತಿಸು' ಅನ್ನೋ ಕ್ರಿಯಾಪದದ ಮೂಲರೂಪ 'ಅಮಾರ್', ಅಲ್ಲಿ ಒತ್ತು ಕೊನೆಗೇ ಬೀಳುತ್ತೆ. ಯುರೋಪಿನ ಭಾಷೆ ಗೊತ್ತಿರೋರಿಗೆ ಇದು ಸಹಜ ಅನ್ಸುತ್ತೆ, ಗೊತ್ತಿಲ್ದೇ ಇರೋರಿಗೆ ಇನ್ನೆರಡು ನಿಯಮ ಜಾಸ್ತಿ. ಟೋಪಿ ಸಮಸ್ಯೆ, ಕಂಪ್ಯೂಟರ್‌ನಲ್ಲಿ ಎಲ್ಲಾ ಭಾಷೆ ಅಕ್ಷರ ತೋರಿಸೋ ಯೂನಿಕೋಡ್ ಬಂದ್ಮೇಲೆ ಹೆಚ್ಚುಕಮ್ಮಿ ಮುಗೀತು, ಆದ್ರೆ ಈ ನಿಯಮಗಳು ಹಂಗೇ ಉಳ್ಕೊಂಡಿವೆ ನೋಡಿ.

ನಂಗೆ ತುಂಬಾ ಇಷ್ಟ ಆಗೋದು ಟೋಪಿ ಎಚ್ ಕಥೆ, ಗಂಟಲಿಂದ ಉಜ್ಜಿ ಹೇಳೋ 'ಖ' ಸದ್ದು ಅದು. ಇಡೋ ಅದನ್ನ ಪೂರ್ತಿ ಕಿತ್ತಾಕ್ತು. ಎಸ್ಪೆರಾಂಟೋದಲ್ಲಿ ಯಾವ ಕಮಿಟಿನೂ ಹೇಳ್ಲಿಲ್ಲ, ಮಾತಾಡೋರೇ ನಿಧಾನಕ್ಕೆ 'ಖೆಮೀಓ' ಬಿಟ್ಟು 'ಕೆಮೀಓ' ಅನ್ನೋಕೆ ಶುರು ಮಾಡಿದ್ರು, ರಸಾಯನಶಾಸ್ತ್ರಕ್ಕೆ ಈಗ ಅದೇ ರೂಢಿ ಪದ. ಆದ್ರೆ ಚೆಕ್ ದೇಶದವನು 'ಚೇಖೋ', ಬ್ಯಾಂಕಿನ ಚೆಕ್ 'ಚೇಕೋ', ಇವೆರಡೂ ಒಂದೇ ಆಗ್ಬಾರ್ದಲ್ಲ, ಅಂಥ ಕಡೆ ಟೋಪಿ ಎಚ್‌ನ ಇಟ್ಕೊಂಡಿದಾರೆ.