ರಾಜಕುಮಾರಿ ಪೋಷಕಿಯಾದರೆ ಸಂಸ್ಥೆಗೆ ಸಿಗುವುದೇನು?

ಪ್ರಶ್ನೆ: ಬ್ರಿಟನ್ನಿನ ರಾಜಕುಮಾರಿ ಆ್ಯನ್ 300ಕ್ಕೂ ಹೆಚ್ಚು ಸಂಸ್ಥೆಗಳ ಜೊತೆ ನಂಟು ಹೊಂದಿದ್ದಾರೆ ಎಂದು ಓದಿದೆ. ಅಷ್ಟಕ್ಕೂ ಅವರು ಹಣ ಕೊಡುತ್ತಾರೆಯೇ? ಕೊಡದಿದ್ದರೆ ಅವರ ಕೆಲಸವಾದರೂ ಏನು?

ಉತ್ತರ: ಹಣ ಕೊಡಬೇಕೆಂಬ ನಿಯಮವಿಲ್ಲ. ಈ ಗೊಂದಲಕ್ಕೆ ನಾವು ಬಳಸುವ ‘ಪೋಷಕರು’ ಎಂಬ ಪದವೇ ಕಾರಣವಿರಬೇಕು. ನಮ್ಮ ಊರಿನ ಸಂಘದ ಆಹ್ವಾನ ಪತ್ರಿಕೆಯಲ್ಲಿ ‘ಮಹಾಪೋಷಕರು’ ಎಂದು ಒಬ್ಬರ ಹೆಸರು ಅಚ್ಚಾಗಿದ್ದರೆ, ಅವರು ದೊಡ್ಡ ದೇಣಿಗೆ ಕೊಟ್ಟವರೆಂದೇ ನಾವು ತಿಳಿಯುತ್ತೇವೆ. ಬ್ರಿಟನ್ನಿನ ರಾಜಮನೆತನದವರು ಪೋಷಕರಾದಾಗ ಕೊಡುವುದು ತಮ್ಮ ಹೆಸರನ್ನು ಮತ್ತು ಸಮಯವನ್ನು. ಅವರ ಅಧಿಕೃತ ಪ್ರವಾಸದ ಖರ್ಚು ಸರ್ಕಾರ ಕೊಡುವ ‘ಸಾವರಿನ್ ಗ್ರಾಂಟ್’ ಎಂಬ ವಾರ್ಷಿಕ ಅನುದಾನದಿಂದ ನಡೆಯುತ್ತದೆ. ದಾನ ಮಾಡಲು ಇರುವ ಹಣ ಅದಲ್ಲ.

ಹೆಸರು ಸಿಕ್ಕರೆ ದೇಣಿಗೆ ಹೆಚ್ಚಾಗಿ ಬರುತ್ತದೆ ಎಂದು ನೀವು ಭಾವಿಸಬಹುದು. ‘ಗಿವಿಂಗ್ ಎವಿಡೆನ್ಸ್’ ಎಂಬ ಸಂಸ್ಥೆ 2020ರಲ್ಲಿ ಇದನ್ನೇ ಪರಿಶೀಲಿಸಿತು. ರಾಜಮನೆತನದ ಪೋಷಕರಿಂದ ಸಂಸ್ಥೆಗಳ ಆದಾಯ ಹೆಚ್ಚುತ್ತದೆ ಎನ್ನಲು ಅದಕ್ಕೆ ಪುರಾವೆ ಸಿಗಲಿಲ್ಲ. ಅಂಥ ಪೋಷಕರಿದ್ದ ದತ್ತಿ ಸಂಸ್ಥೆಗಳಲ್ಲಿ ಸುಮಾರು ಮುಕ್ಕಾಲು ಭಾಗಕ್ಕೆ ಹಿಂದಿನ ವರ್ಷದಲ್ಲಿ ಅವರು ಒಂದು ಸಾರ್ವಜನಿಕ ಕಾರ್ಯಕ್ರಮಕ್ಕೂ ಬಂದಿರಲಿಲ್ಲ. ಸಂಸ್ಥೆಯ ಲೆಟರ್‌ಹೆಡ್ಡಿನ ಮೇಲೆ ಹೆಸರು ಅಚ್ಚಾದ ಮಾತ್ರಕ್ಕೆ ಹಸಿದ ಮಗುವಿಗೆ ಊಟ ಸಿಗುವುದಿಲ್ಲ. ಹೆಸರು ಕೊಟ್ಟವರು ಬರಬೇಕು, ಮತ್ತೆ ಮತ್ತೆ ಬರಬೇಕು. ಆ್ಯನ್ ಅವರ ಬಗ್ಗೆ ನನಗಿರುವ ಗೌರವಕ್ಕೆ ಕಾರಣ ಇದೇ.

ಅವರು ಮಕ್ಕಳಿಗೆ ನೆರವಾಗುವ ‘ಸೇವ್ ದ ಚಿಲ್ಡ್ರನ್’ ಸಂಸ್ಥೆಯ ಬ್ರಿಟನ್ ಘಟಕದ ಅಧ್ಯಕ್ಷೆಯಾದದ್ದು 1970ರಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ. ಮರುವರ್ಷವೇ ಸಂಸ್ಥೆಯ ಕೆಲಸ ನೋಡಲು ಕೀನ್ಯಾಕ್ಕೆ ಹೋದರು. ನಾಲ್ಕೂವರೆ ದಶಕ ಅಧ್ಯಕ್ಷೆಯಾಗಿದ್ದು, 2017ರಲ್ಲಿ ತಾಯಿ ಎರಡನೆಯ ಎಲಿಜಬೆತ್ ಅವರಿಂದ ಪೋಷಕಿಯ ಸ್ಥಾನ ಪಡೆದರು. ಇಷ್ಟು ಕಾಲದಲ್ಲಿ ಸಂಸ್ಥೆಯ ಕಾರ್ಯದರ್ಶಿಗಳು ಬದಲಾಗುತ್ತಾರೆ, ಸರ್ಕಾರಗಳು ಬದಲಾಗುತ್ತವೆ. ಹಿಂದೆ ಎಲ್ಲಿ ಏನು ನಡೆಯಿತು ಎಂಬುದನ್ನು ಕಣ್ಣಾರೆ ಕಂಡವರು ಉಳಿಯುವುದು ಅಪರೂಪ.

ಆ ನಂಟಿನಿಂದ ಬೆಳೆದ ಒಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. 1980ರ ದಶಕದಲ್ಲಿ ಆಫ್ರಿಕಾ ಬರಗಾಲಕ್ಕೆ ಸಿಕ್ಕಿದಾಗ, ನೆರವನ್ನು ಹಳ್ಳಿಗಳವರೆಗೆ ಸಾಗಿಸುವುದೇ ದೊಡ್ಡ ಕಷ್ಟವಾಗಿತ್ತು. ‘ಸೇವ್ ದ ಚಿಲ್ಡ್ರನ್’ ಬ್ರಿಟನ್ನಿನ ಸಾರಿಗೆ ಉದ್ಯಮದವರ ಸಹಾಯ ಕೇಳಿತು. ಆ ಒಡನಾಟವೇ ಬೆಳೆದು 1998ರಲ್ಲಿ ‘ಟ್ರಾನ್ಸ್‌ಏಡ್’ ಎಂಬ ಪ್ರತ್ಯೇಕ ಸಂಸ್ಥೆಯಾಯಿತು. ಆ್ಯನ್ ಅದರ ಪೋಷಕಿ. ಲಾರಿ ಚಾಲಕರಿಗೆ ತರಬೇತಿ ಕೊಡುವುದು, ಜಾಂಬಿಯಾದ ಹಳ್ಳಿಗಳಲ್ಲಿ ಸೈಕಲ್ಲಿಗೆ ಗಾಡಿ ಕಟ್ಟಿ ಆಂಬುಲೆನ್ಸ್ ಮಾಡುವುದು ಅದರ ಕೆಲಸಗಳಲ್ಲಿ ಸೇರಿವೆ. ಮಲೇರಿಯಾ ಜ್ವರದಲ್ಲಿ ಬೇಯುತ್ತಿರುವ ಮಗುವನ್ನೋ ಹೆರಿಗೆ ನೋವಿನ ಹೆಂಗಸನ್ನೋ ಆಸ್ಪತ್ರೆಗೆ ಮುಟ್ಟಿಸಲು ಆ ಸೈಕಲ್ಲು ಸಾಕು. ಪತ್ರಿಕೆಯ ಮುಖಪುಟಕ್ಕೆ ಬರುವಂಥ ಚಿತ್ರ ಇದರಿಂದ ಸಿಗುವುದಿಲ್ಲ. ಇಂಥ ಕೆಲಸಕ್ಕೇ ದೊಡ್ಡವರ ಬೆಂಬಲ ಹೆಚ್ಚು ಬೇಕು ಎಂದು ನಾನು ನಂಬುತ್ತೇನೆ.

1991ರಲ್ಲಿ ಆ್ಯನ್ ಅವರ ಹೆಸರಿನಲ್ಲೇ ಶುರುವಾದ ಇನ್ನೊಂದು ಟ್ರಸ್ಟ್ ಇಂದು ‘ಕೇರರ್ಸ್ ಟ್ರಸ್ಟ್’ ಆಗಿದೆ. ಹಾಸಿಗೆ ಹಿಡಿದ ತಂದೆ, ಮರೆವು ಆವರಿಸಿದ ಹೆಂಡತಿ, ಅಂಗವಿಕಲ ಮಗು ಹೀಗೆ ಮನೆಯವರನ್ನು ಸಂಬಳವಿಲ್ಲದೆ ಹಗಲಿರುಳು ನೋಡಿಕೊಳ್ಳುವವರಿಗೆ ಅದು ಆಸರೆ. ಅವರ ದುಡಿಮೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯದ ಕಾಲದಲ್ಲಿ ಅದು ಹುಟ್ಟಿತು.

ಉಳಿದಂತೆ ದಿನನಿತ್ಯದ ಕರ್ತವ್ಯಗಳಿವೆ. ಅರಮನೆಯಲ್ಲಿ ದೊರೆಯ ಪರವಾಗಿ ಪದಕ ಪ್ರದಾನ, ಸೇನಾ ತುಕಡಿಗಳ ಭೇಟಿ, ಲಂಡನ್ ಮತ್ತು ಎಡಿನ್‌ಬರೋ ವಿಶ್ವವಿದ್ಯಾಲಯಗಳ ಕುಲಾಧಿಪತಿಯ ಹೊಣೆ, ಸ್ಕಾಟ್ಲೆಂಡಿನ ದೀಪಸ್ತಂಭಗಳ ಭೇಟಿ. ಇವೆಲ್ಲ ‘ಕೋರ್ಟ್ ಸರ್ಕ್ಯುಲರ್’ ಎಂಬ ದಿನಚರಿಯಲ್ಲಿ ದಾಖಲಾಗುತ್ತವೆ. ಮೂರನೆಯ ಜಾರ್ಜ್ 1803ರಲ್ಲಿ ಆರಂಭಿಸಿದ ಪದ್ಧತಿ ಅದು. ಅದರಲ್ಲಿ ದಾಖಲಾದ ಕಾರ್ಯಕ್ರಮಗಳನ್ನು ಎಣಿಸಿದಾಗ ರಾಜಮನೆತನದಲ್ಲಿ ಹಲವು ವರ್ಷ ಆ್ಯನ್ ಅವರದೇ ಮೊದಲ ಸ್ಥಾನ. ಎಣಿಕೆಗಿಂತಲೂ ನನ್ನ ಮನಸ್ಸು ಹಿಡಿದದ್ದು ಮುಂದಿನ ಸಂಗತಿ.

ಆ್ಯನ್ ಒಳ್ಳೆಯ ಕುದುರೆ ಸವಾರಿಗಾರ್ತಿ. 1971ರಲ್ಲಿ ಯುರೋಪಿನ ಅಶ್ವಾರೋಹಣ ಪ್ರಶಸ್ತಿ ಗೆದ್ದರು, 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದರು. 1971ರಲ್ಲೇ ‘ರೈಡಿಂಗ್ ಫಾರ್ ದ ಡಿಸೇಬಲ್ಡ್’ ಸಂಸ್ಥೆಯ ಪೋಷಕಿಯೂ ಆದರು, 1985ರಲ್ಲಿ ಅಧ್ಯಕ್ಷೆಯಾದರು. ಅಂಗವಿಕಲರಿಗೆ ಕುದುರೆ ಸವಾರಿ ಕಲಿಸುವ ಸಂಸ್ಥೆ ಅದು. ಕುದುರೆ ಹೆಜ್ಜೆ ಹಾಕುವ ಲಯಕ್ಕೆ ಕೂತವರ ಬೆನ್ನು, ಸೊಂಟ ಹೊಂದಿಕೊಳ್ಳುತ್ತಾ ಬಲಗೊಳ್ಳುತ್ತವೆ. ಗಾಲಿಕುರ್ಚಿಯಿಂದ ಸದಾ ತಲೆಯೆತ್ತಿ ನೋಡುವ ಮಗು ಅಲ್ಲಿ ಎಲ್ಲರಿಗಿಂತ ಎತ್ತರದಲ್ಲಿ ಕೂರುತ್ತದೆ.

2024ರ ಜೂನ್‌ನಲ್ಲಿ ಆ್ಯನ್ ತಮ್ಮ ಗ್ಯಾಟ್‌ಕೂಂಬ್ ಪಾರ್ಕ್ ಎಸ್ಟೇಟಿನಲ್ಲಿ ತಲೆಗೆ ಪೆಟ್ಟಾಗಿ ಐದು ರಾತ್ರಿ ಆಸ್ಪತ್ರೆಯಲ್ಲಿದ್ದರು. ಕುದುರೆ ತಾಗಿ ಆದ ಗಾಯ ಎಂಬುದು ವೈದ್ಯರ ಅಂದಾಜಾಗಿತ್ತು. ಆಗ ಅವರಿಗೆ 73 ವರ್ಷ. ಚೇತರಿಸಿಕೊಂಡು ಜುಲೈ 12ರಂದು ಮೊದಲ ಬಾರಿಗೆ ಸಾರ್ವಜನಿಕ ಕಾರ್ಯಕ್ರಮಕ್ಕೆ ಬಂದರು. ಅವರು ಬಂದದ್ದು ಹಾರ್ಟ್‌ಪ್ಯೂರಿಯಲ್ಲಿ ನಡೆಯುತ್ತಿದ್ದ ಅಂಗವಿಕಲರ ಕುದುರೆ ಸವಾರಿ ಸ್ಪರ್ಧೆಗೆ.