ಹತ್ತು ಸೆಂಟ್ಸ್ ಬನಕ್ಕೆ ನೆರೆಬನದ ಆಸರೆ

ಉಡುಪಿ, ದಕ್ಷಿಣ ಕನ್ನಡದ ಅಭಯಾರಣ್ಯಗಳೆಲ್ಲ ಇರುವುದು ಘಟ್ಟದ ಬುಡದಲ್ಲಿ. ಸೋಮೇಶ್ವರ, ಮೂಕಾಂಬಿಕಾ ಎರಡೂ 1974ರಲ್ಲಿ ಘೋಷಣೆಯಾದವು, ಕುದುರೆಮುಖ ರಾಷ್ಟ್ರೀಯ ಉದ್ಯಾನ 1987ರದ್ದು. ಹೆಬ್ರಿ, ಬೆಳ್ತಂಗಡಿ ದಾಟಿ ಪಡುವಣಕ್ಕೆ ಇಳಿದರೆ ಕಡಲವರೆಗೆ ಹಳೆಯ ಕಾಡಿನ ಗುರುತು ಸಿಗುವುದು ತುಂಡುತುಂಡಾಗಿ: ನಾಗಬನ, ದೈವದ ಬನ, ಕುಂದಾಪುರದ ಕಡೆಯ ಹಾಡಿ ಎಂಬ ಊರ ಕಾಡು, ಪದವಿನ (ಮುರಕಲ್ಲಿನ ಬಯಲಿನ) ಪಳ್ಳ ಎಂಬ ನೀರಹೊಂಡದ ಸುತ್ತಲಿನ ಪೊದೆ, ವರ್ಗ (ಪಟ್ಟಾ) ಜಾಗದ ಹಿಂದಿನ ಕುಮ್ಕಿ ಗುಡ್ಡೆ. ಬನವೊಂದು ಐದು ಸೆಂಟ್ಸ್, ಹತ್ತು ಸೆಂಟ್ಸ್ (ನೂರು ಸೆಂಟ್ಸ್ ಸೇರಿ ಒಂದು ಎಕ್ರೆ); ಅರ್ಧ ಎಕ್ರೆ ಇದ್ದರೆ ದೊಡ್ಡದೆಂದೇ ಲೆಕ್ಕ. ಒಡೆತನ ಹೆಚ್ಚಾಗಿ ಒಂದು ಕುಟುಂಬದ್ದು, ಈಚೆಗೆ ಆ ಕುಟುಂಬ ಮಾಡಿಕೊಂಡ ಟ್ರಸ್ಟಿನದ್ದು. ಬನದಲ್ಲಿ ಏನು ಮಾಡಬಾರದು ಎಂಬ ಒಂದೇ ಕರಾರಿಗೆ ಇಂಥ ನಾಲ್ಕಾರು ನೆರೆಯ ಟ್ರಸ್ಟುಗಳು ಸಹಿ ಹಾಕದ ಹೊರತು ಈ ತುಂಡುಗಳಿಗೆ ಹೆಚ್ಚು ಆಯುಷ್ಯವಿಲ್ಲ. ಅದಕ್ಕೊಂದು ಕಾರಣ ಮರದ ಬೀಜದಲ್ಲಿದೆ, ಇನ್ನೊಂದು ಕಂದಾಯ ದಾಖಲೆಯಲ್ಲಿ.

ರಾಂಪತ್ರೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬನದಲ್ಲಿ ಒಂದೇ ಹೆಣ್ಣು ಮರ ಉಳಿದು, ಹೂವಿನ ಹುಡಿ ಹೊತ್ತು ತರುವ ಹುಳಗಳು ಬರುವಷ್ಟು ಹತ್ತಿರದಲ್ಲಿ ಗಂಡು ಮರ ಇಲ್ಲದಿದ್ದರೆ ಆ ಮರ ಹೂ ಬಿಡುತ್ತದೆ, ಕಾಯಿ ಹಿಡಿಯುವುದಿಲ್ಲ. ನೋಡುವವರಿಗೆ ಬನ ಹಸಿರಾಗಿಯೇ ಕಾಣುತ್ತದೆ. ಧೂಪದ ಮರ, ಕಿರಾಲುಬೋಗಿಯ ಕಷ್ಟ ಬೇರೆ ತರದ್ದು. ಇವುಗಳ ಬೀಜ ಒಣಗಿದರೆ ಸತ್ತಂತೆ, ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಬಿತ್ತುತ್ತೇವೆ ಎಂದರೆ ಆಗದು. ಮಳೆ ಹಿಡಿಯುವ ಹೊತ್ತಿಗೆ ಬಿದ್ದದ್ದು ಕೆಲವೇ ದಿನಗಳಲ್ಲಿ ಒದ್ದೆ ತರಗೆಲೆಯ ಕೆಳಗೆ ಮೊಳೆಯಬೇಕು. ರಾಂಪತ್ರೆಯಂಥ ಹಣ್ಣಿನ ಮರಗಳ ಬೀಜ ದೂರ ಹೋಗುವುದಿದ್ದರೆ ಮಂಗಟ್ಟೆ ಹಕ್ಕಿ, ಬಾವಲಿ, ಪುನುಗು ಬೆಕ್ಕುಗಳಿಂದ. ಅವಕ್ಕೆ ಬನದಿಂದ ಬನಕ್ಕೆ ದಾಟಲು ನಡುವೆ ಮರದ ಸಾಲು ಬೇಕು. ಆ ನಡುವಿನ ಜಾಗ ಇರುವುದು ಮೂರನೆಯವರ ಪಟ್ಟೆಯಲ್ಲಿ.

ದಾಖಲೆಯ ಕತೆ ಮದರಾಸು ಸರಕಾರದ ಕಾಲಕ್ಕೆ ಹೋಗುತ್ತದೆ. ಗುಡ್ಡೆ ಸುಟ್ಟು ಬೆಳೆ ತೆಗೆಯುವ ಕುಮೇರಿ ಬೇಸಾಯಕ್ಕೆ ಹತ್ತೊಂಬತ್ತನೇ ಶತಮಾನದ ನಡುವೆ ಕಡಿವಾಣ ಬಿತ್ತು. 1882ರ ಮದರಾಸು ಅರಣ್ಯ ಕಾಯ್ದೆ ದೊಡ್ಡ ಕಾಡುಗಳಿಗೆ ಗಡಿ ಹಾಕಿತು. ಊರೊಳಗಿನ ಗುಡ್ಡೆಗಳಿಗೆ ಬೇರೆ ವ್ಯವಸ್ಥೆ ಇತ್ತು. ಕಂದಾಯ ವರ್ಷದ ಲೆಕ್ಕದಲ್ಲಿ ಫಸಲಿ 1276, ಅಂದರೆ 1866ಕ್ಕಿಂತ ಹಿಂದಿನ ಕದೀಂ (ಹಳೆಯ) ವರ್ಗಗಳಿಗೆ ಸುತ್ತಲಿನ ನೂರು ಗಜದ ಸರಕಾರಿ ಜಾಗದಲ್ಲಿ ಸೊಪ್ಪು, ತರಗೆಲೆ, ಕಟ್ಟಿಗೆ ತೆಗೆಯುವ ಸವಲತ್ತು ದೊರೆಯಿತು. ಅದೇ ಕುಮ್ಕಿ. ದನದ ಹಟ್ಟಿಗೆ ಸೊಪ್ಪು, ಗದ್ದೆಗೆ ಗೊಬ್ಬರ ಬೇಕಿದ್ದ ತನಕ ಗುಡ್ಡೆಯನ್ನು ಬೋಳು ಮಾಡಲು ಯಾರೂ ಹೋಗಲಿಲ್ಲ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 79(2)ನೇ ಕಲಂ ಈ ಸವಲತ್ತನ್ನು ಮುಂದುವರಿಸಿತು. ಆದರೆ ಸವಲತ್ತೆಂದರೆ ಒಡೆತನವಲ್ಲ. ಹಟ್ಟಿ ಖಾಲಿಯಾದ ಮೇಲೆ ಅದೇ ಕುಮ್ಕಿಯಲ್ಲಿ ರಬ್ಬರ್, ಗೇರು, ಅಕೇಶಿಯಾ ಬಂತು. ಎಷ್ಟೋ ಕಡೆ ಕೆಂಪುಕಲ್ಲಿನ ಕೋರೆ ಬಂತು.

ಬನ ಉಳಿದದ್ದಕ್ಕೆ ಭಯಭಕ್ತಿಯ ಜೊತೆಗೆ, ಆಸ್ತಿ ತಾಯಿಯ ಕಡೆಯಿಂದ ಬರುವ ಅಳಿಯಸಂತಾನದ ಕಟ್ಟಳೆಯೂ ಕಾರಣ. ಕುಟುಂಬದ ಆಸ್ತಿ ಸುಲಭಕ್ಕೆ ಪಾಲಾಗುತ್ತಿರಲಿಲ್ಲ. ಎಲ್ಲರೂ ಒಪ್ಪದೆ ಮರ ಮಾರಲೂ ಆಗುತ್ತಿರಲಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯ್ದೆ ಕವರುಗಳಿಗೆ (ಕುಟುಂಬದ ತಾಯಿವಳಿ ಕವಲುಗಳಿಗೆ) ಪಾಲು ಕೇಳುವ ಹಕ್ಕು ಕೊಟ್ಟಿತು. ಆಮೇಲಿನ ಪಾಲುಪಟ್ಟಿಗಳಲ್ಲಿ ಗದ್ದೆ, ತೋಟ, ಮನೆಗಳೆಲ್ಲ ಹಂಚಿಹೋದವು. ನಾಗ, ದೈವದ ಜಾಗ ಮಾತ್ರ ‘ಎಲ್ಲರಿಗೂ ಜಂಟಿ’ ಎಂದು ಒಂದು ಸಾಲಿನಲ್ಲಿ ಉಳಿಯಿತು. ಆ ಜಾಗ ಎಷ್ಟು ಸೆಂಟ್ಸ್, ಗಡಿ ಎಲ್ಲಿ ಎಂದು ಬರೆದವರು ಕಡಿಮೆ. ಇಂದಿನ ಅರ್ಧ ತಕರಾರಿನ ಮೂಲ ಆ ಒಂದು ಸಾಲು.

1974ರ ಮಾರ್ಚ್ 1ರಂದು ಗೇಣಿ ಜಮೀನುಗಳೆಲ್ಲ ಸರಕಾರಕ್ಕೆ ಸೇರಿ, ಚಾಲಗೇಣಿ (ಕಾಯಂ ಅಲ್ಲದ ಗೇಣಿ) ಒಕ್ಕಲುಗಳು ತಾವು ಉಳುವ ಜಾಗದ ಹಕ್ಕು ಕೇಳಿ ಭೂನ್ಯಾಯ ಮಂಡಳಿಗೆ ಡಿಕ್ಲರೇಶನ್ ಕೊಟ್ಟರು. ನ್ಯಾಯವಾಗಿ ಆಗಬೇಕಾದದ್ದೇ ಆಯಿತು. ಆದರೆ ಗದ್ದೆಯ ಅಂಚಿನ ಬನಗಳು ಹಲವು ಕಡೆ ಅದೇ ಸರ್ವೆ ನಂಬರಿನೊಳಗೆ ಸೇರಿಹೋದವು. ಪೂಜೆ ಮಾಡುವ ಕುಟುಂಬ ಒಂದು, ಪಹಣಿಯಲ್ಲಿರುವ ಹೆಸರು ಇನ್ನೊಂದು. ಎರಡು ತಲೆಮಾರು ಹೊಂದಾಣಿಕೆಯಲ್ಲೇ ನಡೆಯಿತು. ಜಾಗಕ್ಕೆ ಸೆಂಟ್ಸ್ ಲೆಕ್ಕದಲ್ಲಿ ಬೆಲೆ ಬಂದ ಮೇಲೆ ನಡೆಯದಾಯಿತು.

ಜಾಗವನ್ನು ಖರೀದಿಸಿ ಕಾಡಾಗಿಯೇ ಬಿಡಲೆಂದು ಟ್ರಸ್ಟ್ ಮಾಡುವ ಪದ್ಧತಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1891ರಲ್ಲಿ ಶುರುವಾಯಿತು. ಆಮೇಲೆ ಅಲ್ಲಿ ಜಾಗ ಕೊಳ್ಳದೆ, ‘ಇಲ್ಲಿ ಕಟ್ಟಡ ಕಟ್ಟುವ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆ’ ಎಂದು ಮಾಲೀಕನಿಂದ ಟ್ರಸ್ಟಿಗೆ ಬರೆಸಿಕೊಳ್ಳುವ ಈಸ್‌ಮೆಂಟ್ ಪದ್ಧತಿಯೂ ಬಂತು. ಕರ್ನಾಟಕದಲ್ಲಿ ಇವೆರಡಕ್ಕೂ ಅಡ್ಡಿ ಇತ್ತು. ಈಸ್‌ಮೆಂಟಿನ ಅಡ್ಡಿಯ ಮಾತು ಮುಂದೆ ಬರುತ್ತದೆ. ಭೂಸುಧಾರಣಾ ಕಾಯ್ದೆಯ 79-ಬಿ ಕಲಂ ಟ್ರಸ್ಟುಗಳು ಕೃಷಿ ಜಮೀನು ಇಟ್ಟುಕೊಳ್ಳುವುದನ್ನು ಬಹುಮಟ್ಟಿಗೆ ತಡೆದಿತ್ತು. 2020ರ ತಿದ್ದುಪಡಿಯಲ್ಲಿ ಅದು ಹೋಯಿತು, ಗರಿಷ್ಠ ಮಿತಿಯ ಕಲಂ ಉಳಿಯಿತು. ದಾರಿ ತೆರೆದದ್ದು ಬನ ಉಳಿಸುವವರಿಗೆ ಮಾತ್ರವೇ ಅಲ್ಲ, ಲೇಔಟ್ ಮಾಡುವವರಿಗೂ.

ಸರಕಾರಿ ಪಟ್ಟಿಗಳನ್ನು ನೆಚ್ಚಿ ಕೂರುವಂತಿಲ್ಲ. ಸುಪ್ರೀಂ ಕೋರ್ಟಿನ 1996ರ ಗೋದಾವರ್ಮನ್ ಆದೇಶದ ನಂತರ ರಾಜ್ಯ ಗುರುತಿಸಿದ ಡೀಮ್ಡ್ ಅರಣ್ಯ (ಅಧಿಸೂಚನೆ ಇಲ್ಲದಿದ್ದರೂ ಕಾಡೆಂದೇ ಪರಿಗಣಿಸುವ ಜಾಗ) 9.94 ಲಕ್ಷ ಹೆಕ್ಟೇರ್. 2022ರ ಹೊತ್ತಿಗೆ ಅದು 3.30 ಲಕ್ಷಕ್ಕೆ ಇಳಿಯಿತು. ಹತ್ತು ಸೆಂಟ್ಸಿನ ಬನ ಆ ಲೆಕ್ಕದ ಹತ್ತಿರಕ್ಕೂ ಬರುವುದಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯತಿನಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ದಾಖಲಾತಿ ಬರೆಯಬೇಕು. ಅದರಲ್ಲಿ ಬನದ ಹೆಸರು, ಸರ್ವೆ ನಂಬರು, ಮರಗಳ ಪಟ್ಟಿ ಸೇರಿಸುವುದು ಲೇಸು. ಮುಂದೆ ರಸ್ತೆಗೋ ವಿದ್ಯುತ್ ಲೈನಿಗೋ ಜಾಗ ಗುರುತಿಸುವಾಗ ತೋರಿಸಲು ಒಂದು ದಾಖಲೆಯಾದರೂ ಇರುತ್ತದೆ. ಮರ ಕಡಿಯುವುದನ್ನು ಅದೊಂದೇ ತಡೆಯದು.

ಇನ್ನು ಬನವನ್ನು ಕೊಲ್ಲುವುದು ಹೊರಗಿನವರಿಗಿಂತ ಹೆಚ್ಚಾಗಿ ಜೀರ್ಣೋದ್ಧಾರ. ಮುಂಬಯಿ, ಕೊಲ್ಲಿ ದೇಶಗಳ ದುಡಿಮೆ ಊರಿಗೆ ಬಂದಂತೆ ಟ್ರಸ್ಟುಗಳ ಕೈಯಲ್ಲಿ ಹಣ ಸೇರಿತು. ಹಣಕ್ಕೆ ಕಾಣುವ ಕೆಲಸ ಬೇಕು. ಮುರಕಲ್ಲಿನ ಕಟ್ಟೆಯ ಜಾಗಕ್ಕೆ ಕಾಂಕ್ರೀಟು, ಅಂಗಳಕ್ಕೆ ಇಂಟರ್‌ಲಾಕ್, ಸುತ್ತ ಆಳೆತ್ತರದ ಪಾಗಾರ. ಮುರಕಲ್ಲಿನ ನೆಲದಲ್ಲಿ ಮರದ ಉಣ್ಣುವ ಬೇರುಗಳು ಆಳಕ್ಕೆ ಇಳಿಯದೆ ಮೇಲ್ಪದರದಲ್ಲೇ ಹರಡಿರುತ್ತವೆ. ಕಾಂಡದ ಸುತ್ತ ಒಂದಡಿ ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿದರೆ ಬೇರಿಗೆ ನೀರೂ ಗಾಳಿಯೂ ಹೋಗುವುದಿಲ್ಲ. ನೆಲ ಮಟ್ಟ ಮಾಡಲು ಬುಡಕ್ಕೆ ಮಣ್ಣು ಏರಿಸಿದರೆ ತೊಗಟೆ ಕೊಳೆಯುತ್ತದೆ. ಕೆಲವು ವರ್ಷಗಳಲ್ಲಿ ತುದಿ ಒಣಗುತ್ತದೆ, ಮಳೆಗಾಲದಲ್ಲಿ ಕೊಂಬೆ ಮುರಿದು ಹೆಂಚಿನ ಮೇಲೆ ಬೀಳುತ್ತದೆ. ಆಮೇಲೆ ಅದು ‘ಅಪಾಯಕಾರಿ ಮರ’. 1976ರ ಮರ ಸಂರಕ್ಷಣಾ ಕಾಯ್ದೆಯಡಿ ಕಡಿಯಲು ಅನುಮತಿ ಸಿಗುವ ಕಾರಣಗಳಲ್ಲಿ ಅದೂ ಒಂದು. ಹೀಗೆ ಯಾರೂ ಕಾನೂನು ಮುರಿಯದೆಯೇ ಬನ ಖಾಲಿಯಾಗುತ್ತದೆ.

ಹಾಗಾದರೆ ನೆರೆಯ ಟ್ರಸ್ಟುಗಳು ಸೇರಿ ಏನು ಬರೆದುಕೊಳ್ಳಬಹುದು? ಇಲ್ಲಿ ಹಳೆಯ ಕಾಯ್ದೆಯೊಂದು ಸಹಾಯಕ್ಕೆ ಬರುತ್ತದೆ. 1882ರ ಈಸ್‌ಮೆಂಟ್ ಕಾಯ್ದೆ ಮದರಾಸು ಪ್ರಾಂತಕ್ಕೆ ಆರಂಭದಿಂದಲೇ ಅನ್ವಯಿಸಿತ್ತು. ಅದರ 4ನೇ ಕಲಂ ಪ್ರಕಾರ ಒಬ್ಬರ ಜಾಗದ ಮೇಲೆ ಹಕ್ಕು ಇರಬೇಕಾದರೆ ಆ ಹಕ್ಕಿನಿಂದ ಪ್ರಯೋಜನ ಪಡೆಯುವ ಇನ್ನೊಂದು ಜಾಗ ಇರಲೇಬೇಕು. ಬೆಂಗಳೂರಿನ ಪರಿಸರ ಸಂಸ್ಥೆಯೊಂದು ಇಲ್ಲಿ ಅಂಗೈಯಗಲ ಜಾಗವೂ ಇಲ್ಲದೆ ಅಮೆರಿಕದ ಮಾದರಿಯಲ್ಲಿ ಬರೆಸಿಕೊಂಡರೆ ಅದು ನಿಲ್ಲುವುದು ಕಷ್ಟ. ಪಕ್ಕದ ಬನದ ಟ್ರಸ್ಟಿಗೆ ಜಾಗವೇ ಇದೆ. ಕ್ರಯಪತ್ರಗಳಲ್ಲಿ ಬರೆಯುವ ಮಾಮೂಲು ದಾರಿ, ನೀರಿನ ಹಕ್ಕುಗಳ ಜಾತಿಯದ್ದೇ ಇದು. ಸ್ವತ್ತು ವರ್ಗಾವಣೆ ಕಾಯ್ದೆಯ 40ನೇ ಕಲಂ ಇನ್ನೊಂದು ಆಧಾರ. ನೆರೆಯ ಜಾಗದ ಒಳಿತಿಗಾಗಿ ‘ಇಂಥದ್ದನ್ನು ಮಾಡಬಾರದು’ ಎಂದು ಬರೆದ ಕರಾರು, ವಿಷಯ ತಿಳಿದೇ ಜಾಗ ಕೊಂಡವನನ್ನೂ ಕಟ್ಟಿಹಾಕುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಿದ್ದರೆ ‘ಗೊತ್ತಿರಲಿಲ್ಲ’ ಎಂಬ ಮಾತು ನಡೆಯುವುದಿಲ್ಲ. ಛಾಪಾ ಕಾಗದದಲ್ಲಿ ಬರೆದು ನೋಂದಾಯಿಸದೆ ಇಟ್ಟ ಒಡಂಬಡಿಕೆಯನ್ನು, ಅದರ ವಿಷಯ ತಿಳಿಯದ ಹೊಸ ಖರೀದಿದಾರ ಲೆಕ್ಕಕ್ಕೇ ಇಟ್ಟುಕೊಳ್ಳಬೇಕಿಲ್ಲ.

ಅದಕ್ಕಾಗಿ ಕರಾರಿನ ಗಟ್ಟಿ ಭಾಗವನ್ನು ನಿಷೇಧದ ಮಾತಿನಲ್ಲೇ ಬರೆಯಬೇಕು. ಮರದ ನೆರಳು ಬೀಳುವಷ್ಟು ನೆಲದಲ್ಲಿ ಕಾಂಕ್ರೀಟು, ಇಂಟರ್‌ಲಾಕ್ ಹಾಕಬಾರದು. ನೀರು ಹರಿಯುವ ತೋಡನ್ನು ತಿರುಗಿಸಬಾರದು. ಬಿದ್ದ ಮರವನ್ನು ದಾರಿ ಬಿಡಿಸುವಷ್ಟು ಮಾತ್ರ ಕತ್ತರಿಸಬೇಕು, ಸಾಗಿಸಬಾರದು. ಪಾಗಾರ ಅನಿವಾರ್ಯವಾದರೆ ಬುಡದಲ್ಲಿ ಅಲ್ಲಲ್ಲಿ ಅಡಿ ಅಗಲದ ಕಂಡಿ ಬಿಡದೆ ಕಟ್ಟಬಾರದು. ಗಿಡ ನೆಡುವುದು, ಕಳೆ ತೆಗೆಯುವುದು, ಖರ್ಚು ಹಂಚಿಕೊಳ್ಳುವುದು ಇವೆಲ್ಲ ಮಾಡಬೇಕಾದ ಕೆಲಸಗಳು. ಸಹಿ ಹಾಕಿದವರನ್ನು ಮಾತ್ರ ಕಟ್ಟುತ್ತವೆ. ಅವುಗಳನ್ನು ಬೇರೆ ಒಪ್ಪಂದದಲ್ಲಿ ಬರೆದುಕೊಂಡರೆ ವರ್ಷ ವರ್ಷ ತಿದ್ದಲು ಸುಲಭ.

ಆ ಹಂತಕ್ಕೆ ಬರುವ ಮೊದಲೇ ಎಡವುವವರು ಹೆಚ್ಚು. ಟ್ರಸ್ಟ್ ಡೀಡ್ ಆಗಿರುತ್ತದೆ. ಅದರ ಷೆಡ್ಯೂಲಿನಲ್ಲಿ ಜಾಗವೇ ಇರುವುದಿಲ್ಲ. ಪಹಣಿಯಲ್ಲಿ ತೀರಿಹೋದ ಅಜ್ಜಿಯ ಹೆಸರೇ ಇರುತ್ತದೆ. ಮೊದಲು ಪೌತಿ ಖಾತೆ (ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಆಗಬೇಕು, ಹಕ್ಕುದಾರರೆಲ್ಲ ಸಹಿ ಹಾಕಬೇಕು, ಬನದಷ್ಟೇ ಜಾಗವನ್ನು ಅಳೆದು ಬೇರ್ಪಡಿಸುವ 11-ಇ ನಕ್ಷೆ ಮಾಡಿಸಿ ಟ್ರಸ್ಟಿನ ಹೆಸರಿಗೆ ತರಬೇಕು. ಮುಂಬಯಿಯಲ್ಲಿರುವ ಒಬ್ಬರ ಸಹಿ ಸಿಗದೆ ನಿಂತ ಕಡತಗಳು ಬೇಕಾದಷ್ಟಿವೆ. ಹಳೆಯ ಎಫ್‌ಎಂಬಿ (ಸರ್ವೆ ಅಳತೆ ಪುಸ್ತಕದ) ನಕ್ಷೆಯನ್ನೂ ತೆಗೆಸಿ ಗಡಿಕಲ್ಲು ಹುಡುಕಬೇಕು. ಕುಮ್ಕಿಯನ್ನು ಷೆಡ್ಯೂಲಿಗೆ ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ. ಅದು ಸರಕಾರದ ಜಾಗ, ಸೇರಿಸಲು ಬರುವುದಿಲ್ಲ. ಡೀಡಿನಲ್ಲಿ ಇನ್ನೂ ಎರಡು ವಿಷಯ ನೋಡಿಕೊಳ್ಳಬೇಕು: ಜಾಗದ ಮೇಲೆ ಇಂಥ ಕಟ್ಟುಪಾಡು ಬರೆದುಕೊಡುವ ಅಧಿಕಾರ ಟ್ರಸ್ಟಿಗಳಿಗೆ ಇದೆಯೇ, ಒಬ್ಬ ಟ್ರಸ್ಟಿ ತೀರಿಕೊಂಡರೆ ಮುಂದಿನವರು ಬರುವುದು ಹೇಗೆ. ಬಾಂಬೆ ಪ್ರಾಂತದಲ್ಲಿದ್ದ ಜಿಲ್ಲೆಗಳಿಗೆ ಸಾರ್ವಜನಿಕ ಟ್ರಸ್ಟ್ ಕಾಯ್ದೆ ಬಂತು, ಮದರಾಸಿನಲ್ಲಿದ್ದ ನಮ್ಮ ಕಡೆಗೆ ಅದು ಬರಲಿಲ್ಲ. ಇಲ್ಲಿ ಡೀಡಿನಲ್ಲಿ ಬರೆದದ್ದೇ ಶಾಸನ, ಬರೆಯದೆ ಬಿಟ್ಟದ್ದಕ್ಕೆ ಕೋರ್ಟೇ ಗತಿ.

ನೆಲದ ಕೆಲಸಕ್ಕೆ, ಮೇ ತಿಂಗಳ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದ ವಾರ ಒಳ್ಳೆಯದು. ದೈವಾರಾಧನೆಯ ಕೋಲ, ನೇಮಗಳು ಮುಗಿದಿರುತ್ತವೆ, ಮಳೆ ಹತ್ತಿರದಲ್ಲಿರುತ್ತದೆ, ಧೂಪ, ಬೋಗಿಯ ಬೀಜ ಬೀಳುವ ಕಾಲವೂ ಎದುರಿಗಿರುತ್ತದೆ. ಯಾವ ಬನದಲ್ಲಿ ಯಾವ ಮರ ತಾಯಿಮರ, ರಾಂಪತ್ರೆಯ ಗಂಡು ಎಲ್ಲಿದೆ, ಹೆಣ್ಣು ಎಲ್ಲಿದೆ ಎಂಬ ಪಟ್ಟಿ ಜಂಟಿಯಾಗಿ ಆಗಬೇಕು. ಹೆಣ್ಣು ಮಾತ್ರ ಇರುವ ಬನಕ್ಕೆ ಬೇರೆ ಬನದ ಬೀಜದಿಂದ ಎಬ್ಬಿಸಿದ ಗಿಡಗಳನ್ನು ಆರೇಳಾದರೂ ನೆಡಬೇಕು. ಹೂ ಬಿಡುವ ತನಕ ಯಾವುದು ಗಂಡೆಂದು ತಿಳಿಯುವುದಿಲ್ಲ. ಹೊಂಡ ಎರಡಡಿ ಉದ್ದ, ಅಗಲ, ಆಳ. ಗಟ್ಟಿ ಪಾದೆಯಲ್ಲಿ (ಬಂಡೆ ನೆಲದಲ್ಲಿ) ಮೂರಡಿ, ಮೇಲಕ್ಕೆ ಅದೇ ಬನದ ತರಗೆಲೆ. ಹೊಂಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಇಳಿಜಾರಿನ ಬದಿಗೆ ಒಂದು ಬಾಯಿ ಬಿಡಬೇಕು. ಧೂಪದ ಸಸಿಗೆ ಮೊದಲ ವರ್ಷಗಳಲ್ಲಿ ನೆರಳು ಬೇಕು. ಅಂಚಿನ ಅಕೇಶಿಯಾವನ್ನು ಒಂದೇ ಸಲ ಕಡಿದರೆ ಬಿಸಿಲು ಒಳನುಗ್ಗಿ ಕಮ್ಯುನಿಸ್ಟ್ ಗಿಡ ಎಂಬ ಕಳೆ ಏಳುತ್ತದೆ, ಹಾಗಾಗಿ ವರ್ಷಕ್ಕೊಂದು ಸಾಲು ಸಾಕು. ಕಡಿದದ್ದನ್ನು ಅಲ್ಲೇ ಸುಡಬಾರದು, ಮಣ್ಣಿನಲ್ಲಿರುವ ಅಕೇಶಿಯಾ ಬೀಜಕ್ಕೆ ಬಿಸಿ ತಾಗಿದರೆ ಇನ್ನೂ ಹುಲುಸಾಗಿ ಹುಟ್ಟುತ್ತದೆ. ಕಮ್ಯುನಿಸ್ಟ್ ಗಿಡವನ್ನು ಮಳೆಗೆ ಮಣ್ಣು ಸಡಿಲವಾಗಿರುವಾಗ ಬೇರುಸಹಿತ ಕೀಳಬೇಕು. ಕತ್ತಿಯಿಂದ ಸವರಿದರೆ ಚಿಗುರುತ್ತದೆ. ಪೇಟೆಯ ಹತ್ತಿರದ ಬನಗಳಿಗೆ ಆಟಿ ಅಮಾವಾಸ್ಯೆಯದ್ದೂ ಒಂದು ಸಮಸ್ಯೆ. ಕಷಾಯಕ್ಕೆಂದು ಪಾಲೆ ಮರದ ತೊಗಟೆಯನ್ನು ಸುತ್ತಲೂ ಕೆತ್ತಿದರೆ ಮರ ಉಳಿಯದು, ಒಂದೇ ಬದಿಯಿಂದ ತೆಗೆಯಲು ಹೇಳಿ ಆ ದಿನ ಬೆಳಗಿನ ಜಾವ ಯಾರಾದರೂ ಅಲ್ಲಿರಬೇಕು.

ಅಕ್ಕಪಕ್ಕದ ಬನ, ಹಾಡಿ, ಪಟ್ಟೆ ಗುಡ್ಡೆ ಸೇರಿ ಹಲವು ಎಕ್ರೆ ಆಗುವ ಕಡೆ ಇನ್ನೊಂದು ದಾರಿಯೂ ಇದೆ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಸೇರಿದ 36-ಸಿ ಕಲಂನಡಿ ಖಾಸಗಿ ಅಥವಾ ಸಮುದಾಯದ ಜಾಗವನ್ನು ಅದರ ಹಕ್ಕುದಾರರೇ ಮುಂದೆ ಬಂದರೆ ಸಮುದಾಯ ಮೀಸಲು ಎಂದು ಘೋಷಿಸಬಹುದು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು ಹಾಗೆ ಆದದ್ದು. ಒಮ್ಮೆ ಘೋಷಣೆಯಾದರೆ ನಿರ್ವಹಣಾ ಸಮಿತಿಯ ನಿರ್ಣಯ ಮತ್ತು ಸರಕಾರದ ಒಪ್ಪಿಗೆ ಎರಡೂ ಇಲ್ಲದೆ ಜಾಗದ ಬಳಕೆ ಬದಲಿಸುವಂತಿಲ್ಲ. ಕುಟುಂಬಗಳು ಹಿಂಜರಿಯುವುದು ಅಲ್ಲೇ: ಸಮಿತಿಯಲ್ಲಿ ಅರಣ್ಯ ಇಲಾಖೆಯ ಪ್ರತಿನಿಧಿಯೂ ಇರುತ್ತಾರೆ, ತಂಬಿಲ (ನಾಗ, ದೈವಗಳ ಸೇವೆ) ಕೊಡಲು ನಾಳೆ ಅವರನ್ನು ಕೇಳಬೇಕಾದೀತೇ ಎಂಬ ಅಳುಕು. ಅರ್ಜಿ ಹಾಕುವ ಮೊದಲೇ ವರ್ಷದ ಆರಾಧನೆಗಳ ಪಟ್ಟಿ, ಬರುವ ಜನ, ನಡೆಯುವ ದಾರಿ, ಅಡುಗೆಗೆ ಒಲೆ ಹೂಡುವ ಜಾಗ ಎಲ್ಲವನ್ನೂ ನಕ್ಷೆಯ ಸಮೇತ ನಿರ್ವಹಣಾ ಯೋಜನೆಯ ಕರಡಿನಲ್ಲಿ ಬರೆಸಿದರೆ ಆ ಅಳುಕಿನ ಬಹುಪಾಲು ಅಲ್ಲೇ ತೀರುತ್ತದೆ.